ಗೋಡೆಯಾಚೆಯ ಅರಳಿ ಎಲೆ

ಪೊರಕೆ ಹಿಡಿಯುವ ಮುಂಚೆ ಮಾಯಮ್ಮ ಉದುರಿದ ಅರಳಿ ಎಲೆಯೊಂದನ್ನು ಹೆಕ್ಕಿ, ಕಣ್ಣಿಗೊತ್ತಿಕೊಂಡು, ಗೋಡೆಯ ಸಂದಿಗೆ ಸಿಕ್ಕಿಸುತ್ತಾಳೆ. ಮೈ ಸುಡುವ ಜ್ವರ ಬಂದ ದಿನವೂ ಇದು ತಪ್ಪಿದ್ದಲ್ಲ.

ಚನ್ನರಾಯಪಟ್ಟಣದ ರೈಲು ನಿಲ್ದಾಣಕ್ಕೂ ಪಕ್ಕದ ಕೊಬ್ಬರಿ ಗೋದಾಮಿಗೂ ನಡುವೆ ಎದೆಯೆತ್ತರದ ಗೋಡೆ. ಅರಳಿಮರದ ಬುಡ ನಿಲ್ದಾಣದ ಕಡೆ, ಅರ್ಧ ಕೊಂಬೆಗಳು ಗೋದಾಮಿನ ಕಡೆ. ಗೋದಾಮಿನ ಅಂಗಳ ಗುಡಿಸುವವಳು ಮಾಯಮ್ಮ, ನಿಲ್ದಾಣದ್ದು ಅವಳ ಓರಗಿತ್ತಿ ಸುವರ್ಣಮ್ಮ. ಇಬ್ಬರೂ ಬಾಗೂರಿನಿಂದ ಒಂದೇ ಬಸ್ಸಿಗೆ ಬಂದು, ಒಂದೇ ಡಬ್ಬಿಯ ಮುದ್ದೆ ಹಂಚಿಕೊಂಡು ತಿನ್ನುವವರು. ಇಬ್ಬರಿಗೂ ಕೂಲಿ ಕೊಡುವ ಗುತ್ತಿಗೆದಾರ ರವೀಂದ್ರನೂ ಒಬ್ಬನೇ. ಕೂಲಿಯೂ ಒಂದೇ ಇತ್ತು.

ಹೋದ ತಿಂಗಳು ನಿಲ್ದಾಣದಲ್ಲಿ ಕೂಲಿ ದರದ ಬೋರ್ಡು ಬಂತು. ಸುವರ್ಣಮ್ಮನ ಕೂಲಿ ಏರಿತು. ಮಾಯಮ್ಮನದು ಇದ್ದಲ್ಲೇ ಕೂತಿತು.

ಸುವರ್ಣಮ್ಮ ಗೋಡೆಯ ಮೇಲೆ ಮೊಣಕೈ ಊರಿ ನಕ್ಕಳು. "ಈಗ ನಂದು ದಿಲ್ಲಿ ಕಸ, ನಿಂದು ಬೆಂಗ್ಳೂರು ಕಸ ಕಣಕ್ಕಯ್ಯ."

"ನಗು ನಗು. ನಿನ್ ದಿಲ್ಲಿ ಪೊರಕೆಗೇನು ಬಂಗಾರದ ಕಡ್ಡಿ ಕಟ್ಟವ್ರಾ?"

ತಮಾಷೆ ಮಾಡಿದರೂ ಮಾಯಮ್ಮನಿಗೆ ಒಳಗೆ ಚುರುಕ್ಕೆಂದಿತ್ತು. ಅದೇ ಮರ, ಅದೇ ಎಲೆ, ಅದೇ ಸೊಂಟನೋವು. ಕೂಲಿ ಮಾತ್ರ ಬೇರೆ ಯಾಕೆ? ರವೀಂದ್ರ ಬೈಕು ನಿಲ್ಲಿಸಿದ್ದೇ ತಡ, ಕೇಳಿಯೇಬಿಟ್ಟಳು.

"ನಾನೇನ್ ಮಾಡ್ಲಿ ಮಾಯಕ್ಕ? ರೈಲು ಕೇಂದ್ರದ್ದು, ಅಲ್ಲಿಗೆ ಅವ್ರು ಗೊತ್ತು ಮಾಡಿದ ಕನಿಷ್ಠ ಕೂಲಿ. ಗೋದಾಮಿಗೆ ರಾಜ್ಯದ್ದು. ಗೋಡೆ ದಾಟುದ್ರೆ ಕಾನೂನೇ ಬ್ಯಾರೆ."

"ಇದುಕ್ಕಿಂತ ಕಮ್ಮಿ ಕೊಡಬ್ಯಾಡಿ ಅಂತ ತಾನೆ ಸಾ ಕಾನೂನು? ಜಾಸ್ತಿ ಕೊಟ್ರೆ ಇಡ್ಕೊಂಡೋಯ್ತಾರಾ?"

ರವೀಂದ್ರ ಹೆಲ್ಮೆಟ್ ಹಾಕಿಕೊಂಡು ಬೈಕು ಹತ್ತಿದ.

ಮರುದಿನದಿಂದ ಮಾಯಮ್ಮ ಚಿಪ್ಪು, ನಾರು ಎಲ್ಲ ಗುಡಿಸಿದಳು. ಅರಳಿ ಎಲೆ ಮಾತ್ರ ಮುಟ್ಟಲಿಲ್ಲ. ಬುಡ ಕೇಂದ್ರದ ನೆಲದಲ್ಲಿರುವಾಗ ಎಲೆ ರಾಜ್ಯದ್ದು ಹೇಗಾದೀತು ಎಂಬುದು ಅವಳ ವಾದ. ಕಣ್ಣಿಗೊತ್ತಿಕೊಳ್ಳುವ ಒಂದು ಎಲೆಗೆ ಮಾತ್ರ ಈ ತಕರಾರು ಇರಲಿಲ್ಲ, ಅದು ದೇವರದು.

ವಾರ ಕಳೆಯುವಷ್ಟರಲ್ಲಿ ಅಂಗಳವೆಲ್ಲ ಎಲೆ. ಕೊಬ್ಬರಿ ಒಣಹಾಕಲು ಜಾಗವಿಲ್ಲವೆಂದು ಗೋದಾಮಿನ ಯಜಮಾನ ಪುಟ್ಟಸ್ವಾಮಿ ಫೋನಿನಲ್ಲಿ ರವೀಂದ್ರನ ಮೇಲೆ ಕೂಗಾಡಿದರು.

ರವೀಂದ್ರ ಓಡಿಬಂದ. "ಮಾಯಕ್ಕ, ನಾಳೆಯಿಂದ ನೀನು ಸ್ಟೇಷನ್ ಕಡೆಗ್ ಹೋಗ್ಬುಡು. ಸುವರ್ಣಮ್ಮನ್ನ ಇಲ್ಲಿಗ್ ಹಾಕ್ತೀನಿ. ನೀನು ಹಿರೀಳು, ಏನೋ ನನ್ ಕೈಲಾದ ಉಪಕಾರ."

ಮಾಯಮ್ಮ ಗೋಡೆಯಾಚೆ ನೋಡಿದಳು. ಸುವರ್ಣಮ್ಮ ಕೇಳಿಸದವಳಂತೆ ಗುಡಿಸಿದ ಜಾಗವನ್ನೇ ಗುಡಿಸುತ್ತಿದ್ದಳು. ಮುಖದಲ್ಲಿ ನಗು ಆರಿಹೋಗಿತ್ತು.

"ಬ್ಯಾಡ ಸಾ," ಎಂದಳು ಮಾಯಮ್ಮ. "ನನ್ನ ಆ ಕಡೀಕ್ ದಾಟುಸ್ಬ್ಯಾಡಿ, ಆ ಕೂಲೀನ ಈ ಕಡೀಕ್ ದಾಟ್ಸಿ. ಅಲ್ಲೀಗಂಟ ನಿಮ್ ದಿಲ್ಲಿ ಎಲೆ ಇಲ್ಲೇ ಬಿದ್ದಿರ್ಲಿ."