ಹೆಸರು, ನಕ್ಷತ್ರ, ಊರು

ಪಾವಗಡದ ಬಸ್ ನಿಲ್ದಾಣದಲ್ಲಿ ನಾನು ಖಾಸಗಿ ಬಸ್ಸುಗಳ ಏಜೆಂಟ್. ಈ ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷವಾಯಿತು. ಓದಿದ್ದು ಏಳನೇ ತರಗತಿ. ಏಜೆಂಟ್ ಎಂದರೆ ದೊಡ್ಡ ಹುದ್ದೆಯೇನಲ್ಲ. ಬಸ್ಸು ಬಂದಾಗ ಅದು ಹೋಗುವ ಊರುಗಳನ್ನು ಕೂಗಿ ಜನರನ್ನು ಹತ್ತಿಸಬೇಕು, ಹೊತ್ತಿಗೆ ಸರಿಯಾಗಿ ಶೀಟಿ ಊದಿ ಹೊರಡಿಸಬೇಕು, ಯಾರಾದರೂ ಚೀಲ ಮರೆತು ಇಳಿದರೆ ಅದನ್ನು ಅವರಿಗೆ ಮುಟ್ಟಿಸಬೇಕು. ನನ್ನ ಬಂಡವಾಳವೆಲ್ಲ ಗಂಟಲು. ಆ ಗಂಟಲಿನ ಅಭ್ಯಾಸ ಫೋನಿಗೂ ಅಂಟಿಕೊಂಡು ಆದ ಒಂದು ತಪ್ಪನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೊರೊನಾ ಕಳೆದು ಬಸ್ಸುಗಳು ಮತ್ತೆ ಶುರುವಾದಾಗ ಯಾವುದರ ಟೈಮಿಂಗೂ ಮೊದಲಿನಂತಿರಲಿಲ್ಲ. ದಿನಕ್ಕೆ ನೂರು ಜನ ಫೋನು ಮಾಡಿ ಕೇಳುತ್ತಿದ್ದರು. ಆಗ ಪರಿಚಯದವರೊಬ್ಬರು ಆನ್‌ಲೈನಿನಲ್ಲಿ ಒಂದು ಗ್ರೂಪು ಮಾಡಿಕೊಟ್ಟು ನನ್ನನ್ನೇ ಅಡ್ಮಿನ್ ಮಾಡಿದರು. ಅಡ್ಮಿನ್ ಎಂದರೆ ಯಾರು ಬರೆದದ್ದು ಇರಬೇಕು, ಯಾವುದನ್ನು ಅಳಿಸಬೇಕು ಎಂದು ತೀರ್ಮಾನಿಸುವವನು. ಗ್ರೂಪು ಸಾರ್ವಜನಿಕವಾದದ್ದು. ಸೇರದವರೂ ತೆರೆದು ಓದಬಹುದು. ಮಧುಗಿರಿ, ಕೊರಟಗೆರೆ, ಶಿರಾ ಕಡೆಯಿಂದೆಲ್ಲ ಜನ ಸೇರಿದರು. ಬಸ್ಸು, ರಸ್ತೆ, ಕಳೆದುಹೋದ ಸಾಮಾನು, ಈ ಮೂರು ಬಿಟ್ಟು ಬೇರೇನೂ ಹಾಕಬಾರದೆಂದು ನಾನು ನಿಯಮ ಮಾಡಿದೆ. ಸಾಮಾನಿನ ವಿಷಯ ಹಾಕುವವರಿಗೆ ಇನ್ನೊಂದು ಪಾಠವನ್ನೂ ಹೇಳಿಕೊಟ್ಟಿದ್ದೆ. ಹೆಸರು, ಊರು, ಯಾವ ಬಸ್ಸು, ಏನು ಕಳೆದಿದೆ, ಎಲ್ಲವನ್ನೂ ಬರೆಯಬೇಕು. ಪೂರ್ತಿ ವಿವರ ಇಲ್ಲದಿದ್ದರೆ ಸಾಮಾನು ತಲುಪುವುದಿಲ್ಲ.

ಒಂದು ದಿನ ಕೊರಟಗೆರೆಯ ಒಬ್ಬರು, ತಮ್ಮ ತಂದೆ ಐಸಿಯುನಲ್ಲಿದ್ದಾರೆ, ದಯವಿಟ್ಟು ಎಲ್ಲರೂ ಪ್ರಾರ್ಥನೆ ಮಾಡಿ ಎಂದು ಬರೆದರು. ನಾನು ಅಳಿಸಿದೆ. ಅವರು ಫೋನು ಮಾಡಿದರು.

"ಬಸ್ಸು ಕೆಟ್ಟು ನಿಂತ್ರೆ ಹಾಕ್ತೀರ. ನಮ್ಮಪ್ಪ ಕೆಟ್ಟು ನಿಂತವ್ರೆ, ಹಾಕಲ್ವಾ?"

"ಇದು ಬಸ್ಸಿನ ಗ್ರೂಪು ಸ್ವಾಮಿ. ಗುಡಿಗೋಗಿ ಕೇಳ್ಕಳಿ" ಎಂದೆ. ಗ್ರೂಪಿನಲ್ಲಿ ಎರಡು ದಿನ ಜಗಳವಾಯಿತು. ಕೈ ಮುಗಿಯುವುದಕ್ಕೆ ಏನು ಖರ್ಚು ಎಂದು ಕೆಲವರು, ಇವತ್ತು ಪ್ರಾರ್ಥನೆ ನಾಳೆ ಜಾತಕ ಎಂದು ಕೆಲವರು. ನಾನು ಜಗ್ಗಲಿಲ್ಲ. ಆ ನಿಷ್ಠುರತನದ ಬಗ್ಗೆ ನನಗೆ ಒಳಗೊಳಗೇ ಜಂಬವಿತ್ತು.

ನನ್ನ ತಂಗಿ ಸಾವಿತ್ರಿ ವೈ.ಎನ್. ಹೊಸಕೋಟೆ ಕಡೆಯ ಒಂದು ಹಳ್ಳಿಯಲ್ಲಿ ಶಾಲೆಯ ಬಿಸಿಯೂಟದ ಅಡುಗೆಯವಳು. ಒಂಬತ್ತು ವರ್ಷದಿಂದ ಅದೇ ಒಲೆ, ಅದೇ ಮಕ್ಕಳು. ಅವಳು ಮಾಡುವ ಸಾರಿಗೆ ಹೊಸಕೋಟೆ ಸೀಮೆಯಲ್ಲೇ ಸಾಟಿ ಇಲ್ಲ ಎಂದು ಮೇಷ್ಟ್ರುಗಳೇ ಹೇಳುತ್ತಿದ್ದರು. ಆ ವರ್ಷ ಅವಳಿಗೆ ಕೆಮ್ಮು ಶುರುವಾಯಿತು. ಕಡಲೆಕಾಯಿ ಬಡಿಯುವ ಕಾಲ, ಊರೆಲ್ಲ ಧೂಳು. ಧೂಳಿನ ಕೆಮ್ಮು ಹೋಗುತ್ತೆ ಬಿಡು ಎಂದು ನಾನೇ ಹೇಳಿದೆ. ಎರಡು ತಿಂಗಳು ಹಾಗೆಯೇ ಕಳೆಯಿತು. ರವಿಕೆ ಸಡಿಲವಾಗಿ ಹೆಗಲಿನಿಂದ ಜಾರುವುದನ್ನು ಕಂಡ ಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕಫ ಪರೀಕ್ಷೆಯಲ್ಲಿ ಟಿ.ಬಿ. ಎಂದು ಬಂತು.

ಡಾಕ್ಟರು ಸಮಾಧಾನವಾಗಿ ತಿಳಿಸಿ ಹೇಳಿದರು. ಆರು ತಿಂಗಳು ಮಾತ್ರೆ. ಸದ್ಯಕ್ಕೆ ಅಡುಗೆಮನೆ ಬೇಡ. ಎರಡು ತಿಂಗಳ ಮೇಲೆ ಮತ್ತೆ ಕಫ ಪರೀಕ್ಷೆ ಮಾಡಿ, ರೋಗಾಣು ಕಾಣದಿದ್ದರೆ ಕೆಲಸಕ್ಕೆ ಹೋಗಬಹುದು, ಯಾರಿಗೂ ಅಂಟುವುದಿಲ್ಲ. ಮಕ್ಕಳಿಗೆ ಕೆಮ್ಮು ಬಂದರೆ ಪರೀಕ್ಷೆ ಮಾಡಿಸಿ ಎಂದು ಶಾಲೆಗೆ ತಿಳಿಸಬೇಕೆಂದೂ ಹೇಳಿದರು. ಸಾವಿತ್ರಿ ಅಂದೇ ಮುಖ್ಯೋಪಾಧ್ಯಾಯಿನಿಯ ಮನೆಗೆ ಹೋಗಿ ಚೀಟಿ ತೋರಿಸಿ ರಜೆ ಕೇಳಿದಳು. ಆ ತಾಯಿ ಒಪ್ಪಿ, ಗುಟ್ಟಾಗಿಯೇ ಇಟ್ಟರು. ಊರಿಗೆ ಬೆನ್ನು ನೋವು ಎಂದು ಹೇಳಿದ್ದಾಯಿತು. ಅದಕ್ಕೂ ಮೊದಲು, ಆಸ್ಪತ್ರೆಯಿಂದ ಬರುವಾಗಲೇ ಬಸ್ಸಿನಲ್ಲಿ ತಂಗಿ ನನ್ನ ಮೊಣಕೈ ಹಿಡಿದು ಹೇಳಿದ್ದಳು.

"ಅಣ್ಣ, ಗೊತ್ತಾದ್ರೆ ನನ್ ಕೈ ಅನ್ನ ಯಾರೂ ಮುಟ್ಟಾಕಿಲ್ಲ. ನಿಂದು ಬಸ್ ಸ್ಟ್ಯಾಂಡ್ ಬಾಯಿ. ಇದೊಂದ್ಕೆ ಬೀಗ ಹಾಕ್ಕಂಡಿರು."

ಅಮ್ಮನ ಮೇಲೆ ಆಣೆ ಇಟ್ಟೆ.

ಮೂರನೇ ವಾರ ಅವಳಿಗೆ ಮಾತ್ರೆ ಒಗ್ಗಲಿಲ್ಲ. ವಾಂತಿ, ಕಣ್ಣೆಲ್ಲ ಹಳದಿ. ಈ ಮಾತ್ರೆಗಳು ಕೆಲವರ ಲಿವರಿಗೆ ಪೆಟ್ಟು ಕೊಡುತ್ತವಂತೆ. ಮಧುಗಿರಿಯ ಆಸ್ಪತ್ರೆಯಲ್ಲಿ ಸೇರಿಸಿಕೊಂಡು ಎಲ್ಲ ಮಾತ್ರೆ ನಿಲ್ಲಿಸಿದರು. ಎರಡನೇ ದಿನ ಅವಳ ಮಾತೂ ತೊದಲತೊಡಗಿತು. ಈಗಲೇ ಏನೂ ಹೇಳಲಾಗದು ಎಂದರು ಡಾಕ್ಟರು. ಎರಡು ತಿಂಗಳು ಧೂಳಿನ ಕೆಮ್ಮು ಎಂದವನು ನಾನೇ ಅಲ್ಲವೇ.

ಆಸ್ಪತ್ರೆಯ ಹತ್ತಿರದ ಗುಡಿಗೆ ಹೋಗಿ ಅರ್ಚನೆಗೆ ಕೊಟ್ಟೆ. ಪೂಜಾರಿಗಳು ಎಂದಿನಂತೆ ಕೇಳಿದರು. ಹೆಸರು? ನಕ್ಷತ್ರ? ಯಾವೂರು? ಸಾವಿತ್ರಿ, ರೋಹಿಣಿ ಎಂದು ಹೇಳಿ ಊರಿನ ಹೆಸರನ್ನೂ ಹೇಳಿದೆ. ಅವರು ಅದನ್ನೇ ಗರ್ಭಗುಡಿಯಲ್ಲಿ ಗಟ್ಟಿಯಾಗಿ ಹೇಳಿದಾಗ ಎದೆ ಹಗುರವಾಯಿತು. ಹೊರಗೆ ಕಟ್ಟೆಯ ಮೇಲೆ ಕುಳಿತು ಫೋನು ತೆಗೆದೆ. ಗ್ರೂಪು ತೆರೆದಿತ್ತು. ಒಬ್ಬ ಪೂಜಾರಿ ಹೇಳಿದರೆ ಇಷ್ಟು, ಇವರೆಲ್ಲ ಸೇರಿ ಕೇಳಿಕೊಂಡರೆ ಎಷ್ಟು ಎಂಬ ಯೋಚನೆ ಬಂತು. ನಾನೇ ಮಾಡಿದ ನಿಯಮ ನೆನಪಿಗೆ ಬಂತು. ಪಕ್ಕಕ್ಕೆ ತಳ್ಳಿದೆ. ಆಣೆಯೂ ನೆನಪಿಗೆ ಬಂತು. ದೇವರಿಗೆ ಹೇಳುವುದು ಊರಿಗೆ ಹೇಳಿದಂತಾಗುತ್ತದೆಯೇ ಎಂದು ನನಗೆ ನಾನೇ ಸಬೂಬು ಕೊಟ್ಟುಕೊಂಡೆ.

ಹೀಗೆ ಬರೆದೆ: "ನನ್ನ ತಂಗಿ ಸಾವಿತ್ರಮ್ಮ, ರೋಹಿಣಿ ನಕ್ಷತ್ರ." ಮುಂದೆ ಊರು, ಶಾಲೆಯಲ್ಲಿ ಅಡುಗೆಯವಳು ಎಂಬುದು, ಟಿ.ಬಿ. ಮಾತ್ರೆ ಒಗ್ಗದೆ ಸೀರಿಯಸ್ ಆಗಿದ್ದಾಳೆ ಎಂಬುದು. ಎಲ್ಲರೂ ಪ್ರಾರ್ಥಿಸಿ. ಸ್ವಾತಂತ್ರ್ಯ ದಿನದಂದು ಶಾಲೆಯ ಮುಂದೆ ತೆಗೆದ ಅವಳ ಫೋಟೊವನ್ನೂ ಹಾಕಿದೆ. ಕಳೆದ ಚೀಲದ ವಿಷಯ ಬರೆಯುವಷ್ಟೇ ಅಚ್ಚುಕಟ್ಟಾಗಿ, ಒಂದು ವಿವರವೂ ಬಿಟ್ಟುಹೋಗದಂತೆ ಬರೆದೆ. ವಿವರ ಇಲ್ಲದಿದ್ದರೆ ದೇವರಿಗೆ ತಲುಪುವುದಿಲ್ಲವಲ್ಲ.

ಮೊದಲು ಉತ್ತರಿಸಿದವರು ಕೊರಟಗೆರೆಯ ಅದೇ ಮನುಷ್ಯ. "ನಮ್ಮಪ್ಪ ಹೋದ್ರು. ನಿಮ್ಮ ತಂಗಿ ಉಳೀಲಿ" ಎಂದು ಬರೆದು ಕೈ ಮುಗಿದಿದ್ದರು. ನಾನು ಅದನ್ನು ನಾಲ್ಕು ಸಲ ಓದಿದೆ. ಆಮೇಲೆ ನೂರಾರು ಜನ ಬರೆದರು. ಗಡಿಯಾಚೆಯವರು ತೆಲುಗಿನಲ್ಲಿ ಧೈರ್ಯ ಹೇಳಿದರು. ನಾನು ಒಂದೊಂದಕ್ಕೂ ಉತ್ತರ ಬರೆಯುತ್ತ ವಾರ್ಡಿನ ಹೊರಗೆ ಕುಳಿತಿದ್ದೆ. ನರ್ಸಮ್ಮ ಬಂದು, "ಒಳಗೆ ನಿಮ್ ಪೇಷಂಟು ಆಗ್ಲಿಂದ ನೀರು ಕೇಳ್ತಾ ಅವ್ರೆ, ನೀವ್ ಇಲ್ಲಿ ಯಾರ್ಗೆ ಕಾಗ್ದ ಬರೀತಿದ್ದೀರ?" ಎಂದು ಗದರಿಸಿದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಅವಳ ಹೆಸರಿನಲ್ಲಿ ನನಗೆ ಸಿಗುತ್ತಿದ್ದ ಅನುಕಂಪ ನನಗೆ ಹಿತವಾಗಿತ್ತು.

ಐದನೇ ದಿನ ಸಾವಿತ್ರಿಯ ಕಣ್ಣಿನ ಹಳದಿ ಇಳಿಯತೊಡಗಿತು. ಆಮೇಲೆ ಡಾಕ್ಟರು ಮಾತ್ರೆಗಳನ್ನು ಒಂದೊಂದಾಗಿ ಮತ್ತೆ ಶುರು ಮಾಡಿದರು. ಪ್ರಾರ್ಥನೆ ಫಲಿಸಿತು ಎಂದು ಗ್ರೂಪಿನಲ್ಲಿ ಹಾಕಿದೆ. ಶಿರಾ ಬಸ್ಸಿನ ಡ್ರೈವರ್ ಖಾದರ್, ನನ್ನ ಹಳೆಯ ಸ್ನೇಹಿತ, ಸ್ಟ್ಯಾಂಡಿನಲ್ಲಿ ಸಿಕ್ಕಾಗ, "ಏನ್ ಏಜೆಂಟ್ರೇ, ಕೊನೆಗೂ ದೇವ್ರನ್ನ ಬಸ್ ಹತ್ತಿಸ್ಕಂಬುಟ್ರಿ?" ಎಂದು ನಕ್ಕ. ಆಮೇಲೆ ಗಂಭೀರವಾದ. "ಮಸೀದಿಯಾಗೆ ನಾನೂ ದುವಾ ಮಾಡಿಸ್ದೆ. ಹೆಸ್ರು ಹೇಳ್ಲಿಲ್ಲ. ಒಬ್ರಿಗೆ ಹುಷಾರಿಲ್ಲ ಅಂದೆ, ಅಷ್ಟೆ. ನೀನ್ಯಾಕೆ ಅಷ್ಟೆಲ್ಲಾ ಬರ್ದೆ?"

ಅವನ ಪ್ರಶ್ನೆ ನನಗೆ ಆಗ ಅರ್ಥವಾಗಲಿಲ್ಲ. ಅಷ್ಟು ಹೊತ್ತಿಗೆ ನನ್ನ ಬರಹ ಹಳ್ಳಿಯ ಎಲ್ಲರ ಫೋನಿಗೂ ಹೋಗಿತ್ತು. ಸಾವಿತ್ರಿ ರಜೆಯಲ್ಲಿದ್ದರೂ ಮಕ್ಕಳು ಮನೆಯಿಂದ ಡಬ್ಬಿ ತರತೊಡಗಿದ್ದರು. ಕೆಮ್ಮಿಕೊಂಡೇ ಎಷ್ಟು ದಿನ ಅಡುಗೆ ಮಾಡಿದಳು ಎಂದು ತಾಯಂದಿರು ಮುಖ್ಯೋಪಾಧ್ಯಾಯಿನಿಯನ್ನು ಸುತ್ತುವರಿದು ಕೇಳಿದ್ದರು. ಭಯಪಟ್ಟವರನ್ನು ನಾನು ದೂರುವುದಿಲ್ಲ. ಮಕ್ಕಳನ್ನೆಲ್ಲ ಪರೀಕ್ಷೆ ಮಾಡಿದರು, ಯಾರಿಗೂ ಇರಲಿಲ್ಲ. ನಾನು ಬರಹ ಅಳಿಸಿದೆ. ಅದರ ಫೋಟೊ ಹಿಡಿದಿಟ್ಟುಕೊಂಡವರು ಹಂಚುತ್ತಲೇ ಇದ್ದರು.

ಸಾವಿತ್ರಿಯ ಎರಡನೇ ಪರೀಕ್ಷೆಯಲ್ಲಿ ರೋಗಾಣು ಕಾಣಲಿಲ್ಲ. ಡಾಕ್ಟರ ಚೀಟಿ ಹಿಡಿದು ಅವಳು ಶಾಲೆಗೆ ಹೋದಳು. ಮುಖ್ಯೋಪಾಧ್ಯಾಯಿನಿ ಗೇಟಿನಿಂದಲೇ ಜೊತೆಗೆ ಕರೆದುಕೊಂಡು ಹೋದರಂತೆ. ಅದೇ ದಿನ ಸಂಜೆ ತಂಗಿ ಪಾವಗಡಕ್ಕೆ ಬಂದು ನನ್ನ ಬೆಂಚಿನ ಮೇಲೆ ಕುಳಿತಳು.

"ಯಾರೂ ಬೈಯ್ಲಿಲ್ಲ ಕಣಣ್ಣ" ಎಂದಳು. "ಅನ್ನ ಬಡಿಸಾಕೋದೆ. ಮಕ್ಳೆಲ್ಲ ತಟ್ಟೆ ಮಗುಚಿ ಹಾಕ್ಕಂಡು ಕೂತಿದ್ವು. ಮನೇಲಿ ಹೇಳ್ಕೊಟ್ಟು ಕಳ್ಸಿದ್ರು. ಒಂದು ಪುಟ್ಟದು ಮಾತ್ರ ತಟ್ಟೆ ಎತ್ತಕ್ಕೋಯ್ತು, ಅವರಕ್ಕ ಕೈ ಹಿಡ್ಕಂಡ್ಲು."

ನಾನು ನಿನ್ನ ಒಳ್ಳೆಯದಕ್ಕೇ ಹಾಕಿದ್ದೆ ಎಂದು ಏನೋ ಹೇಳಲು ಹೋದೆ.

"ಅದು ಗೊತ್ತು. ಕೈ ಮುಗ್ದೋರ್ ಮೇಲೂ ನಂಗೆ ಸಿಟ್ಟಿಲ್ಲ. ಹಾಕೋಕ್ ಮುಂಚೆ ನನ್ನನ್ನ ಒಂದ್ ಮಾತು ಕೇಳಿದ್ಯಾ? ಒಳಗೇ ಮಲಗಿದ್ನಲ್ಲ, ಬಾಗ್ಲು ದಾಟಿದ್ರೆ ಮಂಚ."

ಅವಳನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ. ಇನ್ನೂ ಎಂಟು ದಿನ ಹೋಗಿ, ಮಗುಚಿದ ತಟ್ಟೆಗಳನ್ನು ನೋಡಲಾರದೆ ತಾನೇ ಬಿಟ್ಟಳು. ಆರು ತಿಂಗಳ ಮಾತ್ರೆ ಮುಗಿಸಿ ಪೂರ್ತಿ ಗುಣವಾದ ಮೇಲೂ ಆ ಒಲೆಯ ಮುಂದೆ ಹೋಗಲಿಲ್ಲ. ಈಗ ಪಾವಗಡದಲ್ಲೇ ಬಾಡಿಗೆಗೆ ಇದ್ದುಕೊಂಡು ಮಧುಗಿರಿಯ ಹೊಲಿಗೆ ಘಟಕವೊಂದಕ್ಕೆ ಕೆಲಸಕ್ಕೆ ಹೋಗುತ್ತಾಳೆ.

ಗ್ರೂಪಿನಲ್ಲಿ ಈಗಲೂ ಪ್ರಾರ್ಥನೆಯ ಕೋರಿಕೆಗಳು ಬರುತ್ತವೆ. ಮೊದಲಿನಂತೆ ನೋಡಿದ ಕೂಡಲೇ ಅಳಿಸುವುದಿಲ್ಲ. ಕೊರಟಗೆರೆಯವರಿಗೆ ಹೇಳಿದ ಒರಟು ಮಾತಿಗೆ ಫೋನಿನಲ್ಲಿ ಕ್ಷಮೆ ಕೇಳಿದ್ದೇನೆ. ಕಷ್ಟದಲ್ಲಿದ್ದವನು ತೆರೆದ ಬಾಗಿಲು ಕಂಡಲ್ಲಿ ಕೂಗುತ್ತಾನೆ, ಅದು ತಪ್ಪಲ್ಲ. ಬರೆದವರಿಗೆ ಫೋನು ಮಾಡಿ ಒಂದೇ ಪ್ರಶ್ನೆ ಕೇಳುತ್ತೇನೆ. ಕಾಯಿಲೆ ಇರುವವರನ್ನು ಕೇಳಿದಿರಾ? ಇಲ್ಲ ಎಂದರೆ ಹೆಸರು, ಊರು, ಕಾಯಿಲೆ ಮೂರನ್ನೂ ತೆಗೆಸುತ್ತೇನೆ. ಒಬ್ಬರಿಗೆ ಹುಷಾರಿಲ್ಲ ಎಂಬಷ್ಟು ಉಳಿಯುತ್ತದೆ. ಹೆಸರಿಲ್ಲದೆ ಹೆಂಗೆ ಬೇಡಿಕೊಳ್ಳೋದು ಎಂದು ಕೆಲವರು ರೇಗುತ್ತಾರೆ. ಇಪ್ಪತ್ತೆರಡು ವರ್ಷ ಕೂಗಿದ ಮೇಲೆ ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ: ಕೂಗುವ ಮೊದಲು ಅದು ಯಾರ ವಿಷಯ ಎಂದು ನೋಡಬೇಕು.

ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ಮಧುಗಿರಿ ಬಸ್ಸು. ಒಮ್ಮೆ ಜನ ತುಂಬಿದ್ದಾಗ, "ಸಾವಿತ್ರೀ, ಸೀಟು ಹಿಡ್ದಿದ್ದೀನಿ ಬಾ" ಎಂದು ಕೂಗಿಬಿಟ್ಟೆ. ಸಾಲಿನಲ್ಲಿದ್ದ ನಾಲ್ಕಾರು ಜನ ಅವಳತ್ತ ತಿರುಗಿ ನೋಡಿದರು. ಅವಳು ಆ ದಿನ ನಿಂತೇ ಹೋದಳು. ಆಮೇಲಿನಿಂದ ಬಸ್ಸು ಬಂದ ಕೂಡಲೇ ಕಿಟಕಿ ಪಕ್ಕದ ಸೀಟಿಗೆ ನನ್ನ ಟವೆಲು ಹಾಕಿ ಕೆಳಗೆ ಇಳಿಯುತ್ತೇನೆ. ದಾರಿಯ ಊರುಗಳನ್ನೆಲ್ಲ ಕೂಗುತ್ತೇನೆ. ಅವಳು ಹಿಂದಿನ ಬಾಗಿಲಿನಿಂದ ಹತ್ತಿ, ಟವೆಲು ಕಂಡ ಕಡೆ ಕುಳಿತು, ಅದನ್ನು ನಾಲ್ಕು ಮಡಿಕೆ ಮಾಡಿ ಕಿಟಕಿಯಿಂದ ಕೊಡುತ್ತಾಳೆ. ನಾನು ಟವೆಲು ಹೆಗಲಿಗೆ ಹಾಕಿಕೊಂಡು ಶೀಟಿ ಊದುತ್ತೇನೆ.