ಇಂಟರ್‌ವಲ್‌ವರೆಗಿನ ಕಥೆ

ಲಾಕ್‌ಡೌನ್ ವರ್ಷ, ಅಮೆರಿಕದ ರೆಡೊಂಡೊ ಬೀಚ್‌ನಲ್ಲಿ ನಮ್ಮ ಪಕ್ಕದ ಮನೆಗೆ ಮಗಳನ್ನು ನೋಡಲು ಬಂದಿದ್ದ ಮಲಯಾಳಂ ಸಿನಿಮಾ ನಿರ್ದೇಶಕರೊಬ್ಬರು ವಿಮಾನವಿಲ್ಲದೆ ಅಲ್ಲೇ ಸಿಕ್ಕಿಹಾಕಿಕೊಂಡರು. ಕಾಸರಗೋಡಿನ ನನ್ನಜ್ಜಿಯಿಂದ ಕಲಿತ ಮಲಯಾಳಂನಲ್ಲಿ ಮಾತಾಡಿಸಿದ್ದೇ ತಡ, ಬೇಲಿಯಾಚೆ ಕುರ್ಚಿ ಹಾಕಿಕೊಂಡು ಹೊಸ ಸಿನಿಮಾದ ಕಥೆ ಶುರುಮಾಡಿದರು. ಇಡೀ ಚಿತ್ರವನ್ನು ಹಿನ್ನೆಲೆ ಸಂಗೀತದ ಸಮೇತ ಬಾಯಲ್ಲೇ ಯಾರಿಗಾದರೂ ಹೇಳಿ ನೋಡುವುದು ಅವರ ರೂಢಿಯಂತೆ. ಗಂಡನ ದೋಣಿ ಹುಡುಕಿಕೊಂಡು ಹೊರಟ ಹೆಂಗಸು, ದಡದಲ್ಲಿ ಅವನ ಅಂಗಿ ತೊಟ್ಟ ಬೇರೊಬ್ಬನನ್ನು ಕಂಡಳು. ಅಲ್ಲಿಗೆ "ಇಂಟರ್‌ವಲ್!" ಅಂತ ಎದ್ದುಬಿಟ್ಟರು.

"ಆಮೇಲೇನಾಯ್ತು, ಅಂಕಲ್?"

"ಮಿಕ್ಕಿದ್ದು ಪ್ರೊಡ್ಯೂಸರ್ ಒಪ್ಪಿದ ಮೇಲೆ, ಮಗಳೇ. ಪೂರ್ತಿ ಹೇಳಿಬಿಟ್ಟರೆ ನನಗೆ ಸಿನಿಮಾ ತೆಗೆಯುವ ಆಸೆಯೇ ಹೊರಟುಹೋಗುತ್ತೆ."

ವಿಮಾನ ಶುರುವಾದಾಗ ಅವರು ಕೊಚ್ಚಿಗೆ ಹೋದರು. ಸಮುದ್ರದ ಕಡೆ ವಾಕಿಂಗ್ ಹೋದಾಗಲೆಲ್ಲ, ಆ ಹೆಂಗಸು ಅಂಗಿಯವನನ್ನು ಏನು ಕೇಳಿರಬಹುದು ಅಂತ ನನ್ನ ಮನಸ್ಸು ಇಂದಿಗೂ ಒದ್ದಾಡುತ್ತದೆ.

ಮೊನ್ನೆ ಫೋನ್ ಮಾಡಿದ್ದರು. ದನಿ ಬಹಳ ಇಳಿದಿತ್ತು. ಪ್ರೊಡ್ಯೂಸರ್ ಇನ್ನೂ ಸಿಕ್ಕಿಲ್ಲವಂತೆ.

"ನಿನಗಾದರೂ ಉಳಿದರ್ಧ ಈಗಲೇ ಹೇಳಿಬಿಡ್ಲಾ?" ಅಂದರು.

ಕೇಳುವ ಆಸೆ ಗಂಟಲವರೆಗೆ ಬಂದಿತ್ತು.

"ಬೇಡ ಅಂಕಲ್, ಥಿಯೇಟರಲ್ಲೇ ನೋಡ್ತೀನಿ," ಅಂದೆ.