ನಲವತ್ತೊಂದನೆಯ ಬೆಸುಗೆ

ಗಾಳಿಯೇ ಇಲ್ಲದ ಕೊಳವೆಯೊಳಗೆ ಜನರನ್ನು ಕೂರಿಸಿಕೊಂಡು ಗಾಡಿ ಓಡುತ್ತದೆ ಎಂಬ ಮಾತು ಅತ್ತಿಗೆಯ ಕಿವಿಗೆ ಮೊದಲು ಬಿದ್ದ ದಿನ ಅವಳು ಕಾಲು ಚಾಚಿ ಕೂತು ದಿಂಬಿಗೆ ಹತ್ತಿ ತುಂಬುತ್ತಿದ್ದಳು. ಸುದ್ದಿ ತಂದವನು ಮೈದುನ. ಗಂಡ ತೀರಿಕೊಂಡಾಗ ಬಿಟ್ಟುಹೋದದ್ದು ಎರಡೇ: ಒಂದು ಹೊಲಿಗೆ ಯಂತ್ರ, ಇನ್ನೊಂದು ಮದುವೆಯಾಗದ ಈ ತಮ್ಮ. ಯಂತ್ರವಾದರೂ ಎಣ್ಣೆ ಬಿಟ್ಟರೆ ಸುಮ್ಮನಾಗುತ್ತಿತ್ತು.

“ಅತ್ತಿಗೆ, ಕೆಲಸ ಸಿಕ್ತು! ಕೊಳವೆಯ ಬೆಸುಗೆ ನೋಡೋದು. ಇಲ್ಲಿ ಹತ್ತಿದ್ರೆ ಇಪ್ಪತ್ತೇ ನಿಮಿಷಕ್ಕೆ ನಿಮ್ಮ ಮಗಳ ಊರು.”

“ಗಾಳಿ ಇಲ್ದಿದ್ರೆ ಒಳಗೆ ಕೂತೋರು ಉಸಿರಾಡೋದು ಏನನ್ನ?”

“ಗಾಡಿ ಒಳಗೆ ಗಾಳಿ ಇರುತ್ತೆ, ಕೊಳವೇಲಿ ಇರಲ್ಲ. ತಡೆಯೋಕೆ ಗಾಳಿ ಇಲ್ಲ ಅಂದ್ರೆ ಗಾಡಿ ಬಾಣದ ಹಾಗೆ ಹೋಗುತ್ತೆ. ಸೂಜಿಮೊನೆಯಷ್ಟು ಬಿರುಕಿದ್ರೂ ಹೊರಗಿನ ಗಾಳಿ ಒಳಗೆ ನುಗ್ಗುತ್ತೆ. ಆ ಬಿರುಕು ಹುಡುಕೋದೇ ನನ್ನ ಕೆಲಸ,” ಎನ್ನುತ್ತಲೇ ಅವಳ ಮಡಿಲಿಂದ ಒಂದು ಹಿಡಿ ಹತ್ತಿ ಬಾಚಿ ಜೇಬಿಗೆ ತುರುಕಿದ.

ಕಾಟ ಶುರುವಾದದ್ದು ಅಲ್ಲಿಂದ. ಆಫೀಸಿನವರು ಕೊಟ್ಟ ಮೀಟರು ಕೊರಳಲ್ಲಿ ನೇತಾಡುತ್ತಿತ್ತು, ಆದರೆ ಅವನ ನಂಬಿಕೆಯೆಲ್ಲ ಹತ್ತಿಯ ಮೇಲೆ. ಕೊಳವೆ ಹೊತ್ತ ಕಂಬಕ್ಕೆ ಏಣಿ ಹಾಕಿ, ಒಂದೊಂದು ಬೆಸುಗೆಯ ಮೇಲೂ ಎಳೆ ಹಿಡಿಯುವುದು. ಬೆಸುಗೆ ಗಟ್ಟಿಯಿದ್ದರೆ ಎಳೆ ಹಾರಿಹೋಗುತ್ತದೆ, ಬಿರುಕಿದ್ದರೆ ಕಬ್ಬಿಣಕ್ಕೆ ಕಚ್ಚಿಕೊಳ್ಳುತ್ತದೆ. ಮನೆಗೆ ಬಂದರೂ ಸುಮ್ಮನಿರದೆ ಕಿಟಕಿಗೆ, ಡಬ್ಬಿಯ ಮುಚ್ಚಳಕ್ಕೆ, ಕೊನೆಗೆ ಗೊರಕೆ ಹೊಡೆಯುವ ಅತ್ತಿಗೆಯ ಮೂಗಿಗೂ ಎಳೆ ಹಿಡಿದು ನೋಡುತ್ತಿದ್ದ. ಇತ್ತ ಗಿರಾಕಿಗಳು “ಏನಮ್ಮಾ, ನಿನ್ನ ದಿಂಬಿಗೆ ತಲೆ ಇಟ್ರೆ ಮಂಚ ತಗಲುತ್ತೆ” ಎಂದು ವಾಪಸು ತರುತ್ತಿದ್ದರು.

ಅದನ್ನೂ ಸಹಿಸಿಕೊಂಡಳು. ಮಗಳು ಬಸುರಿ, ಆ ತಿಂಗಳ ಕೊನೆಗೆ ಹೆರಿಗೆ. ಬಸ್ಸಿನಲ್ಲಿ ಒಂಬತ್ತು ಗಂಟೆ ಕೂತರೆ ಅತ್ತಿಗೆಯ ಸೊಂಟ ಮೂರು ದಿನ ನೆಟ್ಟಗಾಗುತ್ತಿರಲಿಲ್ಲ. ಕೊಳವೆಗಾಡಿ ಅಷ್ಟರೊಳಗೆ ಶುರುವಾದರೆ ಸಾಕು ಎಂದು ಬಟ್ಟೆಯ ಗಂಟು ಕಟ್ಟಿ ಬಾಗಿಲ ಹಿಂದೆ ಇಟ್ಟಿದ್ದಳು.

ಗಾಡಿ ಶುರುವಾಗಲಿಲ್ಲ. ಬೆಸುಗೆ ನೋಡುವವರೆಲ್ಲ ತಮ್ಮ ತಮ್ಮ ಪಾಲಿಗೆ ಸಹಿ ಹಾಕಿದ್ದರೂ ನಲವತ್ತೊಂದನೆಯ ಬೆಸುಗೆಯ ಸಹಿಯ ಜಾಗ ಮಾತ್ರ ಖಾಲಿ. ಅದು ಈ ಮಹಾರಾಯನ ಪಾಲು.

“ನಿಮ್ಮ ಮೈದುನಂಗೆ ಸಹಿ ಬರಲ್ವೇನಮ್ಮಾ? ಹೆಬ್ಬೆಟ್ಟಾದ್ರೂ ಒತ್ತಿಸಿ!” ಎಂದಳು ತರಕಾರಿಯವಳು. ಬೀದಿಯೇ ನಕ್ಕಿತು.

ಮನೆಗೆ ಬಂದವಳೇ ಅತ್ತಿಗೆ ತರಕಾರಿ ಚೀಲ ಕುಕ್ಕಿದಳು. “ಇಂಜಿನಿಯರು ಮೂರು ಸಲ ಮೀಟರಿಟ್ಟು ನೋಡಿದ್ರಂತೆ, ಏನೂ ಇಲ್ವಂತೆ. ನಿಂದೇನೋ ಅಧಿಕಪ್ರಸಂಗ?”

“ಅವರು ಚಹಾ ಕುಡಿದು ಬರೋದು ಹನ್ನೊಂದಕ್ಕೆ, ಅತ್ತಿಗೆ. ಅಷ್ಟೊತ್ತಿಗೆ ಬಿಸಿಲಿಗೆ ಕಬ್ಬಿಣ ಹಿಗ್ಗಿ ಬಿರುಕು ಬಾಯಿ ಮುಚ್ಕೊಂಡಿರುತ್ತೆ. ಬೆಳಗಿನ ಚಳೀಲಿ ನೋಡ್ಬೇಕು.”

“ಹಾಗಂತ ಬಾಯಿ ಬಿಟ್ಟು ಹೇಳು!”

“ಹೇಳ್ದೆ. ಆರು ಗಂಟೆಗೆಲ್ಲ ಆಫೀಸು ತೆಗೆಯಲ್ಲ ಅಂದ್ರು.”

ಇವನ ಬಾಯಿ ಮುಚ್ಚಿಸಿ ಸಹಿ ಹಾಕಿಸಿಯೇ ಬಿಡಬೇಕೆಂದು ಮರುದಿನ ಮುಂಜಾನೆ ಅವಳೇ ಅವನ ಜೊತೆ ಹೊರಟಳು. ಸೊಂಟ ಹಿಡಿದುಕೊಂಡು, ಮೆಟ್ಟಿಲಿಗೊಂದು ಬೈಗುಳದಂತೆ ಏಣಿ ಹತ್ತಿ, ತನ್ನದೇ ಹತ್ತಿಯ ಎಳೆಯನ್ನು ಬೆಸುಗೆಯ ಹತ್ತಿರ ಹಿಡಿದಳು. ಕರು ಮೊಲೆಗೆ ಬಾಯಿ ಹಾಕಿದ ಹಾಗೆ ಕಬ್ಬಿಣ ಅದನ್ನು ಚೀಪಿಕೊಂಡಿತು.

ಅತ್ತಿಗೆಗೆ ಮೈಯೆಲ್ಲ ಉರಿದುಹೋಯಿತು. ಸುಳ್ಳು ಹೇಳುವವನಾಗಿದ್ದರೆ ಬೈದು ಮುಗಿಸಬಹುದಿತ್ತು. ನಿಜ ಹೇಳುವವನನ್ನು ಏನು ಮಾಡುವುದು?

ಸೀದಾ ಇಂಜಿನಿಯರನ ಮನೆ ಗೇಟಿಗೆ ಹೋಗಿ ನಿಂತಳು. “ನಿಮ್ಮ ತಲೆದಿಂಬು ಹೊಲಿದೋಳು ಬಂದಿದೀನಿ, ಏಳಿ ಸಾಹೇಬ್ರೇ!” ಎಂದು ಕೂಗಿದ ರಭಸಕ್ಕೆ ಎಂಟು ಮನೆಯ ದೀಪ ಹೊತ್ತಿಕೊಂಡವು. ಮಲಗುವ ಬಟ್ಟೆಯಲ್ಲೇ ಬಂದ ಇಂಜಿನಿಯರು ಏಣಿ ಹತ್ತಿದ, ಎಳೆಯನ್ನು ನೋಡಿದ, ಇಳಿದ. ಬೆಸುಗೆ ಕಿತ್ತು ಹೊಸದಾಗಿ ಹಾಕಲು ಎರಡು ತಿಂಗಳು ಹಿಡಿಯಿತು.

ಹೆರಿಗೆಗೆ ಅತ್ತಿಗೆ ಬಸ್ಸಿನಲ್ಲೇ ಹೋದಳು. ಒಂಬತ್ತು ಗಂಟೆ, ಹಳ್ಳಕ್ಕೊಂದು ಶಾಪ, ಎಲ್ಲ ಮೈದುನನ ಲೆಕ್ಕಕ್ಕೆ. ಮುಂದೆ ಗಾಡಿ ಶುರುವಾದ ಮೇಲೆ ಎಷ್ಟು ಸಲ ಹೋಗಿಬಂದಳೋ. ಒಂದು ಸಲವೂ ಅವನನ್ನು ಹೊಗಳಲಿಲ್ಲ. ಅವನೂ ಕೇಳಲಿಲ್ಲ. ಹತ್ತಿ ಕದಿಯುವುದನ್ನಂತೂ ಬಿಡಲಿಲ್ಲ.

ಹನ್ನೆರಡು ವರ್ಷ ಕಳೆಯಿತು. ಏಣಿ ಹತ್ತಿ ಇಳಿದು ಸವೆದ ಮೈದುನ ಎದೆನೋವೆಂದು ಮಂಚ ಹಿಡಿದ. ನಾಲ್ಕು ಮಾತಾಡಿದರೆ ಎಂಟು ಸಲ ಏದುಸಿರು. ಒಂದು ಸಂಜೆ, ಮೊಮ್ಮಗಳನ್ನು ಕರೆತರಲು ಮರುದಿನ ಹೊರಡಬೇಕೆಂದು ಅತ್ತಿಗೆ ಗಂಟು ಕಟ್ಟುತ್ತಿದ್ದಾಗ ಕರೆದ.

“ಅತ್ತಿಗೆ, ನಾಳೆ ಗಾಡಿ ಹತ್ತೋಕೆ ಮುಂಚೆ ಆ ಬೆಸುಗೆ ಒಂದ್ಸಲ...”

“ಅಯ್ಯೋ ನಿನ್ನ! ಸರಿಮಾಡಿ ಹನ್ನೆರಡು ವರ್ಷ ಆಯ್ತು, ಇನ್ನೂ ಆ ನಲವತ್ತೊಂದರ ಜಪ ಬಿಡಲ್ವೇನೋ?”

“ಅದಲ್ಲ. ನಲವತ್ತೆರಡು. ನಲವತ್ತೊಂದು ಗಟ್ಟಿಯಾದ ಮೇಲೆ ಎಳೆತ ಎಲ್ಲಾ ಪಕ್ಕದ್ದರ ಮೇಲೆ ಬೀಳುತ್ತೆ. ಕಾವಲಿನವನಿಗೆ ನಾನು ಕಳಿಸ್ದೆ ಅನ್ನಿ, ಏಣಿ ಕೊಡ್ತಾನೆ. ಚಳಿ ಇರುವಾಗ್ಲೇ ನೋಡಿ. ಬಿಸಿಲು ಬಂದ್ಮೇಲೆ ಬೇಡ.”

“ಹತ್ತಿ ಎಲ್ಲಿಂದ ತರ್ಲಿ? ಮನೇಲಿರೋದನ್ನೆಲ್ಲ ನೀನೇ ನುಂಗಿ ಕೂತಿದ್ದೀಯಲ್ಲ!”

ಅವನು ಕಷ್ಟಪಟ್ಟು ಕತ್ತು ಎತ್ತಿ, ತಲೆಯಡಿಯ ದಿಂಬನ್ನು ಎಳೆದು ಅವಳ ಕಡೆ ತಳ್ಳಿದ.

“ಇದರಿಂದ ತಗೊಳ್ಳಿ.”